ನಲವತ್ತೆರಡರಲ್ಲಿ ನರ್ಸಿಂಗ್

ಓದುಗರ ಪತ್ರ: ನನಗೀಗ 42. ಹದಿನೆಂಟು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದಿದ್ದೇನೆ. ಕೆಲಸ ಬಿಟ್ಟು ನರ್ಸಿಂಗ್ ಓದುವ ಆಸೆ. ಈ ವಯಸ್ಸಿನಲ್ಲಿ ಓದಿದ್ದು ತಲೆಗೆ ಹತ್ತೀತೇ?

ಸಂಪಾದಕರ ಉತ್ತರ: ಹತ್ತುತ್ತದೆ. ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದು ನೋಡಿ. ಮೂರು ದಿನ ಬಿಟ್ಟು ಮತ್ತೆ ಬರೆಯಿರಿ. ಅಂಗರಚನೆಯಂಥ ವಿಷಯಕ್ಕೆ ಇಷ್ಟು ಸಾಕು. ನಿಮ್ಮ ಪತ್ರದಲ್ಲಿ ತಲೆಯ ಚಿಂತೆ ಇದೆ, ಸೊಂಟದ್ದೂ ನಿದ್ದೆಯದ್ದೂ ಇಲ್ಲ. ನಮಗೆ ಅವೇ ದೊಡ್ಡವು ಅನ್ನಿಸುತ್ತವೆ.

ರಾಜೀನಾಮೆ ಬರೆಯುವ ಮೊದಲು ರಜಾದಿನಗಳಲ್ಲಿ ಯಾವುದಾದರೂ ವಾರ್ಡಿನಲ್ಲೋ ವೃದ್ಧಾಶ್ರಮದಲ್ಲೋ ಸಹಾಯಕರಾಗಿ ನಿಂತು ನೋಡಿ. ಅದರಲ್ಲಿ ಒಂದಾದರೂ ರಾತ್ರಿ ಪಾಳಿ ಇರಲಿ. ಮಲಮೂತ್ರ ಬಳಿಯುವುದು ಒಂದೆರಡು ದಿನಕ್ಕೆ ರೂಢಿಯಾಗುತ್ತದೆ. ಹಗಲು ನಿದ್ದೆ ಕೆಲವರಿಗೆ ಎಷ್ಟು ದಿನವಾದರೂ ಒಗ್ಗುವುದಿಲ್ಲ. ಮಂಚವನ್ನು ಸೊಂಟದ ಮಟ್ಟಕ್ಕೆ ಏರಿಸದೆ, ಬಗ್ಗಿಕೊಂಡು ಒಬ್ಬರೇ ರೋಗಿಯನ್ನು ಎಳೆದರೆ ಬೆನ್ನು ಹೋಯಿತೆಂದೇ ತಿಳಿಯಿರಿ. ರೋಗಿಯ ಕೆಳಗೆ ಜಾರುವ ಶೀಟ್ ಹಾಕಿ ಇಬ್ಬರು ಸೇರಿ ಸರಿಸಬೇಕು. ತಪ್ಪು ತಿದ್ದುವವರು ಇಪ್ಪತ್ತೈದರ ಸಿಸ್ಟರ್ ಆಗಿರಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಲೆಕ್ಕ ಬಲ್ಲವರೆಂಬುದು ನಿಮಗೆ ಅನುಕೂಲವೂ ಹೌದು, ಅಪಾಯವೂ ಹೌದು. 1000 ಮಿ.ಲೀ. ದ್ರವ 8 ಗಂಟೆಯಲ್ಲಿ ಒಳಹೋಗಬೇಕು, ಡ್ರಿಪ್ ಸೆಟ್, ಅಂದರೆ ಬಾಟಲಿಯಿಂದ ದ್ರವ ಹನಿಸುವ ನಳಿಕೆ, ಮಿ.ಲೀ.ಗೆ 20 ಹನಿಯದು ಎನ್ನೋಣ. 1000ವನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಇದು ನಿಮಗೆ ಬಾಯಿಲೆಕ್ಕ. ಆದರೆ ಸೆಟ್ಟಿನ ಪೊಟ್ಟಣದ ಮೇಲಿನ ಸಂಖ್ಯೆ ಓದದೆ, ಮಿ.ಲೀ.ಗೆ 60 ಸಣ್ಣ ಹನಿಯ ಮೈಕ್ರೋ ಸೆಟ್ಟಿಗೆ ಅದೇ 42 ಇಟ್ಟರೆ ಎಂಟು ಗಂಟೆಯ ಬಾಟಲಿ ಮುಗಿಯಲು ಇಡೀ ದಿನ ಬೇಕು. ಖಾತೆಪುಸ್ತಕದಲ್ಲಿ 5.00 ಎಂದು ಬರೆದು ಪಳಗಿದ ಕೈ ನಿಮ್ಮದು. ಔಷಧದ ಪ್ರಮಾಣ ಬರೆಯುವಾಗ ಆ ಅಭ್ಯಾಸ ಬಿಡಲೇಬೇಕು. ಚುಕ್ಕಿ ಮಸುಕಾದರೆ 5.0 ಮಿ.ಗ್ರಾಂ. 50 ಆಗುತ್ತದೆ, ಹತ್ತುಪಟ್ಟು. ಬರಿಯ 5 ಎಂದೇ ಬರೆಯಿರಿ. ಅರ್ಧಕ್ಕಾದರೆ ಚುಕ್ಕಿಯ ಎಡಕ್ಕೆ ಸೊನ್ನೆ ಕಡ್ಡಾಯ: 0.5.

ಶುಲ್ಕ ಕಟ್ಟುವ ಮುನ್ನ ಆ ಕೋರ್ಸಿಗೆ ನರ್ಸಿಂಗ್ ನೋಂದಣಿ ಮಂಡಳಿಯ ಮಾನ್ಯತೆ ಇದೆಯೇ ಎಂದು ಮಂಡಳಿಯಲ್ಲೇ ವಿಚಾರಿಸಿ, ಕಾಲೇಜಿನವರ ಮಾತಿಗೆ ನಿಲ್ಲಬೇಡಿ. ನೋಂದಣಿ ಸಿಗದ ಸರ್ಟಿಫಿಕೇಟಿನಿಂದ ಕೆಲಸ ಸಿಗದು.

ಇನ್ನು ಹೆಪಟೈಟಿಸ್ ಬಿ ಲಸಿಕೆ. ಬಳಸಿದ ಸೂಜಿ ಚುಚ್ಚಿದರೆ ಯಕೃತ್ತಿನ ಆ ಸೋಂಕು ತಗಲಬಹುದು. ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದರ ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅದಾದ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ ಸೋಂಕು ತಡೆಯುವ ಪ್ರತಿಕಾಯ ಬಂದಿದೆಯೇ ನೋಡಬೇಕು. ಒಟ್ಟು ಏಳೆಂಟು ತಿಂಗಳ ಕೆಲಸವಾದ್ದರಿಂದ ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಮೊದಲ ಡೋಸ್ ಹಾಕಿಸಿಕೊಳ್ಳಿ.