ಸೇನೆಯಿಂದ ನಿವೃತ್ತನಾಗಿ ಫಿಟ್‌ನೆಸ್ ಕೋಚ್ ಆಗಲು ಪಿಟಿ ಮಾಡಿಸಿದ ಅನುಭವ ಸಾಕೇ?

ಮುಂದಿನ ವರ್ಷ ಹವಾಲ್ದಾರ್ ಆಗಿ ನಿವೃತ್ತಿ, ಯೂನಿಟ್‌ನಲ್ಲಿ ಪಿಟಿ ಮಾಡಿಸಿದ ಅನುಭವವಿದೆ, ಊರಿಗೆ ಬಂದು ಅದನ್ನೇ ಉದ್ಯೋಗ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಿಕೊಳ್ಳಬಹುದು. ನಾನು ಮರಾಠಾ ಲೈಟ್ ಇನ್‌ಫ್ಯಾಂಟ್ರಿಯವನು. ಬೆಳಗಾವಿಯಲ್ಲಿರುವ ನಮ್ಮ ರೆಜಿಮೆಂಟಿನ ತರಬೇತಿ ಸೆಂಟರ್‌ನಲ್ಲಿ ತಯಾರಾಗಿ, ಪುಣೆಯ ಆರ್ಮಿ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕಲ್ ಟ್ರೇನಿಂಗ್‌ನಲ್ಲಿ ಕೋರ್ಸ್ ಮುಗಿಸಿ, ಪಲ್ಟನ್‌ನಲ್ಲಿ ಪಿಟಿ ಉಸ್ತಾದ್ ಆಗಿದ್ದೆ. ಈಗ ಧಾರವಾಡದಲ್ಲಿ ಬೆಳಿಗ್ಗೆ ಭರ್ತಿಗೆ, ಅಂದರೆ ಸೇನೆಗೆ ಸೇರಲು, ಓಡುವ ಹುಡುಗರಿಗೆ, ಸಂಜೆ ನಡುವಯಸ್ಸಿನವರಿಗೆ ಕಲಿಸುತ್ತೇನೆ.

ಆದರೆ ಅನುಭವವೊಂದೇ ಸಾಲದು. ಪಲ್ಟನ್‌ನಲ್ಲಿ ನಮ್ಮ ಮುಂದೆ ಸಾಲಾಗಿ ನಿಲ್ಲುತ್ತಿದ್ದವರು ಆಯ್ದು ಬಂದವರು. ಮೆಡಿಕಲ್ ಪಾಸಾದವರು, ಲಂಗರಿನಲ್ಲಿ (ಯೂನಿಟ್‌ನ ಅಡುಗೆಮನೆಯಲ್ಲಿ) ಹೊತ್ತಿಗೆ ಸರಿಯಾಗಿ ಉಣ್ಣುವವರು, ಆಗುವುದಿಲ್ಲ ಎನ್ನಲು ಬಾರದವರು. ಸೈನಿಕರ ದೈಹಿಕ ಪರೀಕ್ಷೆಯಾದ ಬಿಪಿಇಟಿ ಎಂದರೆ ಪ್ಯಾಕು, ರೈಫಲ್ಲು ಹೊತ್ತು 5 ಕಿ.ಮೀ. ಓಡಲೇಬೇಕು. ಅಳತೆ ಮೊದಲೇ ನಿಂತಿದೆ, ಮೈ ಅದಕ್ಕೆ ಒಗ್ಗಬೇಕು. ಊರಲ್ಲಿ ಮೈ ಮೊದಲು, ಅಳತೆ ಆಮೇಲೆ. ಸಂಜೆ ಬರುವವರಲ್ಲಿ ಐವತ್ತು ದಾಟಿದ ಅಕ್ಕಂದಿರಿದ್ದಾರೆ; ದಿನವಿಡೀ ಕುರ್ಚಿಯ ಕೆಲಸ, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಅವರಿಗೆ ಕೈ ಊರದೆ ಕುರ್ಚಿಯಿಂದ ಏಳುವುದೇ ಮೊದಲ ಕಸರತ್ತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ಇಳಿದು ತಲೆ ತಿರುಗಬಹುದು. ಹಾಗಾಗಿ ವೈದ್ಯರು ಏನು ಹೇಳಿದ್ದಾರೆ, ಯಾವಾಗ ಉಂಡಿರಿ ಎಂದು ಕೇಳದೆ ನಾನು ಶುರುಮಾಡುವುದಿಲ್ಲ. ಬೆಲ್ಲವೋ ಗ್ಲುಕೋಸೋ ಕೈಗೆಟುಕುವಲ್ಲಿ ಇರುತ್ತದೆ. ಇಂಥವರಿಗೆ ಸೆಂಟರ್‌ನ ರಗಡಾ, ಅಂದರೆ ಮೈ ಹಿಂಡುವ ಕಸರತ್ತು, ಕೊಟ್ಟರೆ ಮಾರನೇ ವಾರ ಒಬ್ಬರೂ ಬರುವುದಿಲ್ಲ, ಬರಲೂಬಾರದು.

ಭರ್ತಿಯ ಹುಡುಗರ ಕಷ್ಟ ಬೇರೆ. ಅಗ್ನಿವೀರ್ ಭರ್ತಿ ರ‍್ಯಾಲಿಯಲ್ಲಿ 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ಹತ್ತು ಪುಲ್‌ಅಪ್‌ಗೆ 40. ಆ ಐದೂವರೆ ನಿಮಿಷವನ್ನೇ ತಲೆಯಲ್ಲಿಟ್ಟುಕೊಂಡು ದಿನಾ ಡಾಂಬರು ರಸ್ತೆಯಲ್ಲಿ, ಸವೆದ ಬೂಟಿನಲ್ಲಿ ಜೀವ ಬಿಟ್ಟು ಓಡುತ್ತಾರೆ. ಮೊಣಕಾಲ ಕೆಳಗಿನ ಮುಂಭಾಗದ ಎಲುಬು ನೋಯತೊಡಗುತ್ತದೆ. ಆಗಲೂ ನಿಲ್ಲಿಸದಿದ್ದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ರ‍್ಯಾಲಿಯೇ ತಪ್ಪಿಹೋಗುತ್ತದೆ. ಮನೆಯವರು ಅವರ ಮೇಲೆ ಎಷ್ಟು ಆಸೆ ಇಟ್ಟಿರುತ್ತಾರೆಂದು ನೋಡಿದವನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ವಾರಕ್ಕೆ ಎರಡೇ ದಿನ ಜೋರು ಓಟ, ಅದೂ 400 ಮೀಟರಿನ ತುಂಡುಗಳಲ್ಲಿ, ನಡುನಡುವೆ ವಿಶ್ರಾಂತಿ ಕೊಟ್ಟು. ಉಳಿದ ದಿನ ಮಣ್ಣಿನ ಮೈದಾನದಲ್ಲಿ ಪಕ್ಕದವನ ಜೊತೆ ಮಾತಾಡುತ್ತ ಓಡುವಷ್ಟು ನಿಧಾನ. ಒಂದು ದಿನ ಪೂರ್ತಿ ಬಿಡುವು.

ಪಿಂಚಣಿ ಬರುತ್ತದಲ್ಲ, ಅದು ದೊಡ್ಡ ಆಸರೆ. ಅವಸರಪಟ್ಟು ಸಾಲ ಮಾಡಿ ಮಷಿನ್ ತರಿಸಬೇಡಿ. ಮೈದಾನ, ನಾಲ್ಕು ಮ್ಯಾಟು, ಒಂದು ಚಿನ್‌ಅಪ್ ಬಾರ್ ಇದ್ದರೆ ಐದಾರು ಜನರಿಂದ ಆರಂಭಿಸಬಹುದು.

ಸರ್ಟಿಫಿಕೇಟ್ ಮಾತ್ರ ಬೇಕೇ ಬೇಕು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಆರು ವಾರದ ಕೋರ್ಸ್ ಇದೆ. ಅದು ಕ್ರೀಡಾ ತರಬೇತಿಯದು, ಭರ್ತಿಯ ಹುಡುಗರಿಗೆ ಕಲಿಸಲು ಉಪಯೋಗಕ್ಕೆ ಬರುತ್ತದೆ. ವಯಸ್ಸಾದವರಿಗೆ ಕಲಿಸುವ ಮನಸ್ಸಿದ್ದರೆ ಫಿಟ್‌ನೆಸ್ ಟ್ರೇನರ್ ಕೋರ್ಸ್ ಮಾಡಿ, ಜೊತೆಗೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ವಿಧಾನ) ಮತ್ತು ಪ್ರಥಮ ಚಿಕಿತ್ಸೆ ಕಲಿಯಿರಿ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ಸೇವೆಯ ಕೊನೆಯ ಅವಧಿಯಲ್ಲಿರುವ ಜವಾನರಿಗಾಗಿ ಕೋರ್ಸ್‌ಗಳನ್ನು ನಡೆಸುತ್ತದೆ. ನಿಮಗೆ ಇನ್ನೂ ಒಂದು ವರ್ಷ ಇದೆ. ಈ ಸಲದ ಪಟ್ಟಿಯಲ್ಲಿ ಫಿಟ್‌ನೆಸ್‌ಗೆ ಸಂಬಂಧಿಸಿದ್ದು ಯಾವುದಿದೆ, ಅರ್ಜಿಗೆ ಕೊನೆಯ ದಿನ ಯಾವುದು ಎಂದು ಈ ವಾರವೇ ನಿಮ್ಮ ಹೆಡ್ ಕ್ಲರ್ಕ್ ಸಾಹೇಬರನ್ನು ಕೇಳಿ.