ಹಂಟಿಂಗ್ಟನ್ ಕಾಯಿಲೆ ಪಥ್ಯ ಮಾಡಿದರೆ ನಿಧಾನವಾಗುತ್ತದೆಯೇ?

ನಿಮ್ಮ ಯಜಮಾನರಿಗೆ ಹಂಟಿಂಗ್ಟನ್ ಇದೆ ಎಂದು ಈಗಷ್ಟೇ ಗೊತ್ತಾಗಿದೆ, ಹಾಲು, ಸಕ್ಕರೆ, ಗೋಧಿ ಬಿಡಿಸಿದರೆ ಒಳ್ಳೆಯದಾ ಎಂದು ಕೇಳಿದ್ದೀರಿ. ದಯವಿಟ್ಟು ಏನನ್ನೂ ಬಿಡಿಸಬೇಡಿ. ನಮ್ಮ ಅಪ್ಪನಿಗೂ ಇದೇ ಕಾಯಿಲೆ. ಶುರುವಿನಲ್ಲಿ ನೆಂಟರ ಮಾತು ಕೇಳಿ ರಾತ್ರಿ ಬರೀ ಹಣ್ಣು ಕೊಟ್ಟೆವು. ನಾಲ್ಕೇ ತಿಂಗಳಲ್ಲಿ ಏಳು ಕೆಜಿ ಇಳಿದುಬಿಟ್ಟರು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಇದು ನಾಲ್ಕನೇ ಕ್ರೋಮೋಸೋಮಿನ ಒಂದು ಜೀನ್‌ನಿಂದ ಬರುವ ಮೆದುಳಿನ ರೋಗ. ಅಲ್ಲಿ ಸಿಎಜಿ ಎಂಬ ಡಿಎನ್‌ಎಯ ಮೂರಕ್ಷರ ಒಂದರ ಹಿಂದೊಂದು 40 ಸಲವೋ ಅದಕ್ಕಿಂತ ಜಾಸ್ತಿಯೋ ಬಂದಿದ್ದರೆ ಒಂದಲ್ಲ ಒಂದು ದಿನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಆ ಎಣಿಕೆಯನ್ನು ಯಾವ ಊಟವೂ ಬದಲಿಸುವುದಿಲ್ಲ. ಆದರೆ ತೂಕದ ವಿಷಯ ಬೇರೆ. ಕೈಕಾಲು ತಾವಾಗಿ ಆಡುವುದರಿಂದ ಮಾತ್ರವಲ್ಲ, ದೇಹ ಶಕ್ತಿ ಬಳಸುವ ರೀತಿಯೇ ಏರುಪೇರಾಗಿರುವುದರಿಂದಲೂ ಇವರು ಹೊಟ್ಟೆ ತುಂಬ ಉಂಡರೂ ಸೊರಗುತ್ತಾರೆ. ತೂಕ ಸ್ವಲ್ಪ ಜಾಸ್ತಿ ಇದ್ದವರಲ್ಲಿ ರೋಗ ನಿಧಾನವಾಗಿ ಸಾಗಿದ್ದು ಅಧ್ಯಯನದಲ್ಲಿ ಕಂಡಿದೆ.

ಹಾಲಿನ ಸುದ್ದಿ ನಿಮಗೆ ಎಲ್ಲಿಂದ ಬಂದಿರಬಹುದು ಅಂತ ಗೊತ್ತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಜೀನ್ ದೋಷವಿದ್ದ 211 ಜನರ ಊಟ ನೋಡಿದ್ದರು. ಹಾಲು, ಚೀಸ್ ಜಾಸ್ತಿ ತಿನ್ನುವವರಲ್ಲಿ ರೋಗ ಬೇಗ ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಆದರೆ ಅವರೆಲ್ಲ ಆಗ ಇನ್ನೂ ಲಕ್ಷಣ ಕಾಣದವರು. ಹಾಲೇ ಕಾರಣ ಅಂತ ಅದರಿಂದ ಸಾಬೀತಾಗಲಿಲ್ಲ. ಒಳ್ಳೆಯದೆಂದು ಹೊಗಳುವ, ತರಕಾರಿ, ಮೀನು, ಆಲಿವ್ ಎಣ್ಣೆಯ ಮೆಡಿಟರೇನಿಯನ್ ಊಟದಿಂದಲೂ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಪ್ಪನ ಗಟ್ಟಿ ಮೊಸರನ್ನು ನಾನು ನಿಲ್ಲಿಸಿಲ್ಲ.

ನನಗೂ ಈ ಜೀನ್ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಹಾಗಾಗಿ ಮಾತ್ರೆ, ಪುಡಿಗಳ ಬಗ್ಗೆ ಆಸೆಯಿಂದಲೇ ಓದಿದವಳು ನಾನು. ಜೀವಕೋಶಗಳ ಶಕ್ತಿಗೆಂದು ಮಾರುವ ಕೋಎನ್‌ಜೈಮ್ ಕ್ಯೂ10 ಅನ್ನು 609 ಜನರಿಗೆ ದಿನಕ್ಕೆ 2400 ಮಿಲಿಗ್ರಾಂ ಕೊಟ್ಟು ಪರೀಕ್ಷಿಸಿದರು. ಕ್ರಿಯೇಟಿನ್ ಎಂಬ ಪುಡಿಯನ್ನೂ ಹಾಗೇ ದೊಡ್ಡದಾಗಿ ಪರೀಕ್ಷಿಸಿದರು. ಪ್ರಯೋಜನ ಕಾಣದೆ 2014ರಲ್ಲಿ ಎರಡನ್ನೂ ನಿಲ್ಲಿಸಿದರು. ಆ ದುಡ್ಡಿಗೆ ತುಪ್ಪ ತನ್ನಿ.

ನಮ್ಮ ಮನೆಯಲ್ಲಿ ಅಪ್ಪನಿಗೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವೇ ಕೊಡುತ್ತೇವೆ. ರಾಗಿ ಗಂಜಿಗೆ ಬೆಲ್ಲ, ತುಪ್ಪ. ಮೆತ್ತಗೆ ಬೆಂದ ಪೊಂಗಲ್. ಬಾಳೆಹಣ್ಣು ಕಿವುಚಿ ಅದಕ್ಕೆ ನುಣ್ಣಗೆ ಅರೆದ ಕಡಲೆಕಾಯಿ ಬೀಜ.

ತೂಕಕ್ಕಿಂತಲೂ ನನಗೆ ಹೆದರಿಕೆ ನುಂಗುವುದರದ್ದು. ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಈ ರೋಗದಲ್ಲಿ ಜೀವ ಹೋಗುವುದು ಹೆಚ್ಚಾಗಿ ಅದರಿಂದಲೇ. ನೀರು ಸುಲಭ, ಗಟ್ಟಿ ಊಟ ಕಷ್ಟ ಅಂದುಕೊಳ್ಳುತ್ತೇವೆ ಅಲ್ವಾ? ಎಷ್ಟೋ ಸಲ ತಿಳಿ ನೀರೇ ಜಾಸ್ತಿ ಅಪಾಯ. ಅನ್ನಕ್ಕೆ ತಿಳಿಸಾರು ಹಾಕಿದರೆ ಅಪ್ಪನಿಗೆ ಅಗುಳು ಬಾಯಲ್ಲಿ ಉಳಿದು ಸಾರು ಮೊದಲೇ ಜಾರುತ್ತದೆ, ಕೆಮ್ಮು ಹತ್ತುತ್ತದೆ. ಅದಕ್ಕೇ ಈಗ ಹುಳಿ ಕಲಸಿದ ಅನ್ನ ಕಿವುಚಿ ಒಂದೇ ಹದ ಮಾಡುತ್ತೇನೆ. ಮುದ್ದೆಯನ್ನು ಅಗಿಯದೆ ನುಂಗುವ ಅಭ್ಯಾಸ ಅವರದ್ದು, ಅದನ್ನು ಬಿಡಿಸಲೇಬೇಕಾಯಿತು. ಮಂಡಕ್ಕಿಯೂ ಇಲ್ಲ. ಉಣ್ಣುವಾಗ ಟಿವಿ ಆಫ್, ಬೆನ್ನು ನೆಟ್ಟಗೆ, ಯಾರೂ ಮಾತಾಡಿಸುವುದಿಲ್ಲ.

ಪ್ರತಿ ಭಾನುವಾರ ತೂಕ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ನರರೋಗದ ಡಾಕ್ಟರಿಗೆ ಅದನ್ನು ತೋರಿಸಿ, ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿ ಎಂದು ನೀವೇ ಕೇಳಿ. ಕೆಮ್ಮು ಶುರುವಾಗುವವರೆಗೆ ಕಾಯಬೇಡಿ, ನಾವು ಕಾದಿದ್ದೆವು.