ದಾರಿಯಲ್ಲಿ ಅಚಾನಕ್ಕಾಗಿ ಯಾರೋ ಸಿಕ್ಕಿದರೆ ಇಂಗ್ಲಿಷಿನಲ್ಲಿ ಸಹಜವಾಗಿ ಹೇಗೆ ಹೇಳುವುದು?

‘ಐ ಮೆಟ್ ಹಿಮ್ ಅನ್‌ಎಕ್ಸ್‌ಪೆಕ್ಟೆಡ್ಲಿ’ ತಪ್ಪಲ್ಲ, ಆದರೆ ಪುಸ್ತಕದ ವಾಸನೆ ಹೊಡೆಯುತ್ತದೆ. ಮಾತಿನಲ್ಲಿ ‘ಐ ರ‍್ಯಾನ್ ಇನ್‌ಟು ರವಿ’ ಅಥವಾ ‘ಐ ಬಂಪ್ಡ್ ಇನ್‌ಟು ರವಿ’ ಅನ್ನುತ್ತಾರೆ. ಇಲ್ಲಿ ಓಟವೂ ಇಲ್ಲ, ಡಿಕ್ಕಿಯೂ ಇಲ್ಲ. ನಮ್ಮ ‘ಮಾರ್ಕೆಟ್ಟಲ್ಲಿ ರವಿ ಸಿಕ್ಕಿದ್ದ’ ಅನ್ನೋದೇ. ‘ಸಿಕ್ಕಿದ’ ಅಂತ ‘ಐ ಗಾಟ್ ರವಿ’ ಎನ್ನಬೇಡಿ, ಕಳ್ಳನನ್ನು ಹಿಡಿದಂತಿರುತ್ತದೆ. ‘ಬಂಪ್ಡ್ ಆಫ್’ ಅಂದುಬಿಟ್ಟರೆ ಇನ್ನೂ ಕಷ್ಟ, ಕೊಂದುಹಾಕಿದೆ ಎಂದರ್ಥ!

ಮೊದಲೇ ಗೊತ್ತು ಮಾಡಿಕೊಂಡ ಭೇಟಿಗೆ ‘ರ‍್ಯಾನ್ ಇನ್‌ಟು’, ‘ಬಂಪ್ಡ್ ಇನ್‌ಟು’ ಹೊಂದುವುದಿಲ್ಲ. ‘ಕೇಮ್ ಅಕ್ರಾಸ್’ (ಅಚಾನಕ್ಕಾಗಿ ಕಣ್ಣಿಗೆ ಬಿತ್ತು) ಹಳೇ ಫೋಟೊ, ಪುಸ್ತಕದಂಥ ವಸ್ತುಗಳಿಗೆ ಹೆಚ್ಚು ಒಪ್ಪುತ್ತದೆ.

ಎದುರಿಗೇ ಸಿಕ್ಕವರಿಗೆ? ‘ವಾಟ್ ಎ ಸರ್‌ಪ್ರೈಸ್!’ ಸಾಕು. ‘ಫ್ಯಾನ್ಸಿ ಮೀಟಿಂಗ್ ಯು ಹಿಯರ್’ (ನೀವು ಇಲ್ಲಿ ಸಿಗ್ತೀರಿ ಅಂದುಕೊಂಡಿರಲಿಲ್ಲ!) ಸ್ವಲ್ಪ ಬ್ರಿಟಿಷ್ ಧಾಟಿ. ಸಲುಗೆಯವರಿಗೆ ತಮಾಷೆಯಾಗಿ ಹೇಳಬಹುದು.